ಕೆರೆಗೆ ವಿಷ, ಮೀನಿಗೆ ಅರಿಸಿನ

ಕೀಟನಾಶಕ, ಕ್ಯಾಡ್ಮಿಯಂನಂಥ ವಿಷ ಬೆರೆತ ನೀರಿನಲ್ಲಿಟ್ಟ ಮೀನುಗಳಿಗೆ ಅರಿಸಿನದ ಸಾರ ಸೇರಿಸಿದ ಮೇವು ಕೊಟ್ಟರೆ ಅವುಗಳ ಪಿತ್ತಜನಕಾಂಗಕ್ಕಾಗುವ ಹಾನಿ ತಗ್ಗುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಇಂಥ ವಿಷವಸ್ತುಗಳು ದೇಹದಲ್ಲಿ ಫ್ರೀ ರ‍್ಯಾಡಿಕಲ್ ಎಂಬ ಪುಂಡ ಕಣಗಳನ್ನು ಹೆಚ್ಚಿಸುತ್ತವೆ. ಅವು ಜೀವಕೋಶದ ಪೊರೆಯನ್ನೇ ಕೆಡಿಸುತ್ತವೆ. ಅರಿಸಿನದ ಕರ್ಕ್ಯುಮಿನ್, ನೆಲ್ಲಿಕಾಯಿಯ ‘ಸಿ’ ಜೀವಸತ್ವ ಈ ಪುಂಡರನ್ನು ತಣಿಸಬಲ್ಲವು.

ಸಂತೋಷ. ಆದರೆ ಗಾಜಿನ ತೊಟ್ಟಿ ಬೇರೆ, ಕೆರೆ ಬೇರೆ. ನಮ್ಮ ತ್ಯಾಮಗೊಂಡ್ಲು ಕಡೆ ಕಾಟ್ಲಾ, ರೋಹು ಮರಿ ಬಿಟ್ಟವರು ಕೆರೆಗೆಲ್ಲ ಅರಿಸಿನ ಕದಡಲಾದೀತೆ? ನೆರೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ನಗರದ ಕೊಳಚೆಯೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಹರಿಯುತ್ತಿದೆಯೆಂದು ಗ್ರಾಮಸ್ಥರು ವರ್ಷಗಟ್ಟಲೆ ಹೋರಾಡಿದ್ದಾರೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ನೀರಿನಲ್ಲಿ ಕರಗಿದ ಆಮ್ಲಜನಕವೇ ಕುಸಿದಿತ್ತು. ಉಸಿರುಗಟ್ಟಿದ ಮೀನಿಗೆ ನೆಲ್ಲಿಕಾಯಿ ಏನು ಮಾಡೀತು?

ನನ್ನ ಆತಂಕ ಬೇರೆಯೇ ಇದೆ. ಮೇವಿನ ಬಲದಿಂದ ಮೀನು ಗಟ್ಟಿಮುಟ್ಟಾಗಿ ಕಂಡ ಮಾತ್ರಕ್ಕೆ ಅದರ ಮೈಯಲ್ಲಿ ಸೀಸ, ಕ್ಯಾಡ್ಮಿಯಂ ಇಲ್ಲವೆಂದಲ್ಲ. ಮನೆಯಲ್ಲಿ ಎಷ್ಟೇ ಅರಿಸಿನ ಹಾಕಿ ಕುದಿಸಿದರೂ ಲೋಹ ಹೋಗದು. ಕೊಳಚೆ ಸೇರುವ ಕೆರೆಯ ಮೀನನ್ನು ತಾಯಂದಿರು ಮನೆಗೆ ತರದಿರುವುದೇ ಲೇಸು. ಬಸುರಿಯರಿಗೂ ಮಕ್ಕಳಿಗೂ ಖಂಡಿತ ಬೇಡ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಕಾರ್ಖಾನೆಯ ಕೊಳವೆಯ ಬಾಯಲ್ಲೇ ವಿಷವನ್ನು ತಡೆಯಲಿ. ಕೆರೆಯ ನೀರಿನ ಜೊತೆಗೆ ಮೀನನ್ನೂ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ.