ಕುರ್ಚಿ ಸಿಕ್ಕಿತು, ಮಾತು ಸಿಗಬೇಕು

ಸಾಮಾನ್ಯ ಜ್ಞಾನದ ಪರೀಕ್ಷೆಗೆ ತಯಾರಿ ನಡೆಸಿರುವ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಅಮೆರಿಕದ ಅಧ್ಯಕ್ಷ ಪದವಿಗೇರಿದ ಮೊದಲ ಮಹಿಳೆ ಯಾರು? ಪುಸ್ತಕ ತಿರುವಿ ದಣಿಯಬೇಡಿ. ಅಂಥವರು ಈವರೆಗೆ ಯಾರೂ ಇಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್, 2024ರಲ್ಲಿ ಕಮಲಾ ಹ್ಯಾರಿಸ್ ಕಣಕ್ಕಿಳಿದು ಸೋತರು.

ಇನ್ನೊಂದು ಪ್ರಶ್ನೆ. ಸಿಂಧನೂರು ತಾಲೂಕಿನ ಸಾಲಗುಂದ ಗ್ರಾಮ ಪಂಚಾಯಿತಿಯಲ್ಲಿ ಮಹಿಳೆಯರಿಗೆ ಎಷ್ಟು ಸ್ಥಾನ ಮೀಸಲು? ಕಾಯ್ದೆಯ ಪ್ರಕಾರ ಅರ್ಧದಷ್ಟು. ಸಾಲಗುಂದವೊಂದರಲ್ಲೇ ಅಲ್ಲ, ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಅಷ್ಟೇ.

ಹಾಗಾದರೆ ನಾವು ಅಮೆರಿಕಕ್ಕಿಂತ ಮುಂದಿದ್ದೇವೆಯೆ? ಅವಸರದಲ್ಲಿ ಉತ್ತರಿಸುವುದು ಬೇಡ.

ಅಮೆರಿಕ ಸ್ವಾತಂತ್ರ್ಯ ಘೋಷಿಸಿದ್ದು 1776ರಲ್ಲಿ. ಅಲ್ಲಿನ ಸಂವಿಧಾನ ಹೆಂಗಸರ ಮತದಾನದ ಹಕ್ಕನ್ನು ಒಪ್ಪಿದ್ದು 1920ರಲ್ಲಿ. ನಡುವೆ 144 ವರ್ಷ. ಆ ತಿದ್ದುಪಡಿಗೆ ಕೊನೆಯದಾಗಿ ಬೇಕಿದ್ದುದು ಟೆನೆಸಿ ರಾಜ್ಯದ ಒಪ್ಪಿಗೆ. ಹ್ಯಾರಿ ಬರ್ನ್ ಎಂಬ 24 ವರ್ಷದ ಶಾಸಕ ವಿರೋಧಿಗಳ ಜೊತೆಗಿದ್ದವನು, ಕೊನೆಗೆ ಪರವಾಗಿ ಮತ ಹಾಕಿದ. ಅವನ ಜೇಬಿನಲ್ಲಿ ತಾಯಿಯ ಪತ್ರವಿತ್ತು. ಹೆಂಗಸರ ಪರ ನಿಲ್ಲು ಎಂದು ಆಕೆ ಬರೆದಿದ್ದಳು. ತಾಯಿಯ ಮಾತು ದೇಶದ ಕಾನೂನನ್ನೇ ಬದಲಿಸಿತು. ಆದರೂ ದಕ್ಷಿಣದ ರಾಜ್ಯಗಳ ಕಪ್ಪು ಮಹಿಳೆಯರು ನಿರಾತಂಕವಾಗಿ ಮತ ಹಾಕಲು 1965ರ ಕಾಯ್ದೆಯವರೆಗೆ ಕಾಯಬೇಕಾಯಿತು.

ನಮ್ಮ ಅಜ್ಜಿಯರಿಗೆ ಇಷ್ಟು ಕಾಯುವ ಪ್ರಸಂಗ ಬರಲಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಯ ಹೆಂಗಸರು ಮೊದಲ ಮಹಾಚುನಾವಣೆಯಲ್ಲೇ ಗಂಡಸರ ಜೊತೆಗೆ ಮತದಾರರಾದರು. ಆದರೆ ಆ ಚುನಾವಣೆಯ ಇನ್ನೊಂದು ಸಂಗತಿಯನ್ನು ಮಕ್ಕಳು ತಿಳಿದಿರಬೇಕು. ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು, ಹೆಚ್ಚಾಗಿ ಉತ್ತರದ ರಾಜ್ಯಗಳವರು, ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಹೆಸರಿಲ್ಲದವರು ಮತದಾರರ ಪಟ್ಟಿಯಲ್ಲಿ ಉಳಿಯಲಿಲ್ಲ. ಹಕ್ಕು ಇತ್ತು, ಹೆಸರು ಹೇಳುವ ರೂಢಿ ಇರಲಿಲ್ಲ. ಇಂದಿನ ಮಾತಿಗೂ ಇದೇ ಕೀಲಿಕೈ.

ಪಂಚಾಯಿತಿಗಳಲ್ಲಿ ಹೆಣ್ಣಿಗೆ ಜಾಗ ಬಿಟ್ಟುಕೊಡುವ ಕೆಲಸದಲ್ಲಿ ಕರ್ನಾಟಕ ದೇಶಕ್ಕೇ ಮೇಲ್ಪಂಕ್ತಿ ಹಾಕಿತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ, 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆಯಿತು. ಕಾಲುಭಾಗ ಸ್ಥಾನ ಮಹಿಳೆಯರಿಗೆ. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ಅದು ಮೂರನೇ ಒಂದು ಭಾಗವಾಯಿತು. 2010ರಲ್ಲಿ ರಾಜ್ಯ ಅದನ್ನು ಅರ್ಧಕ್ಕೇರಿಸಿತು.

ಇನ್ನು ಮೇಲಿನ ಮೆಟ್ಟಿಲು ನೋಡಿ. 1962ರಲ್ಲಿ 208 ಸ್ಥಾನಗಳ ವಿಧಾನಸಭೆಗೆ 18 ಮಹಿಳೆಯರು ಗೆದ್ದಿದ್ದರು. 2023ರಲ್ಲಿ 224 ಸ್ಥಾನಗಳಿಗೆ ಗೆದ್ದವರು 10 ಮಂದಿ. ಅರವತ್ತು ವರ್ಷಗಳಲ್ಲಿ ಶಾಲೆ, ಕಾಲೇಜು, ರಸ್ತೆ ಎಲ್ಲ ಹೆಚ್ಚಿದವು, ಇದೊಂದು ಇಳಿಯಿತು. ರಾಯಚೂರು ಜಿಲ್ಲೆಯ ಏಳು ಕ್ಷೇತ್ರಗಳ ಪೈಕಿ ಆ ಸಲ ಮಹಿಳೆ ಗೆದ್ದದ್ದು ದೇವದುರ್ಗದಲ್ಲಿ ಮಾತ್ರ, ಕರೆಮ್ಮ ನಾಯಕ. ಮೀಸಲಾತಿಯೇ ಇಲ್ಲದ ಅಮೆರಿಕದ ಸಂಸತ್ತಿನಲ್ಲಿ ಮಹಿಳೆಯರು ಕಾಲುಭಾಗಕ್ಕಿಂತ ತುಸು ಹೆಚ್ಚಿದ್ದಾರೆ. ಈ ಲೆಕ್ಕದಲ್ಲಿ ನಾವೇ ಹಿಂದೆ.

ಜನ ಹೆಣ್ಣಿಗೆ ಮತ ಹಾಕುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಪಕ್ಕದ ಬಳ್ಳಾರಿ 1984, 1989, 1991ರಲ್ಲಿ ಬಸವರಾಜೇಶ್ವರಿಯವರನ್ನು ಲೋಕಸಭೆಗೆ ಆರಿಸಿತು. 1999ರಲ್ಲಿ ಅಲ್ಲಿ ಎದುರಾಳಿಗಳಾಗಿ ನಿಂತವರಿಬ್ಬರೂ ಮಹಿಳೆಯರೇ, ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು 1972ರಲ್ಲೇ ನಮ್ಮ ವಿಧಾನಸಭೆಯ ಅಧ್ಯಕ್ಷರ ಪೀಠದಲ್ಲಿ ಕುಳಿತರು. ಮತದಾರ ಬೇಡ ಎನ್ನಲಿಲ್ಲ. ಪಕ್ಷಗಳೇ ಟಿಕೆಟ್ ಹಂಚುವಾಗ ಹೆಣ್ಣಿನ ಹೆಸರನ್ನು ಮರೆಯುತ್ತವೆ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಸ್ಥಾನ ಮೀಸಲಿಡುವ ತಿದ್ದುಪಡಿಗೆ 2023ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಆದರೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಎಂಬ ಷರತ್ತನ್ನೂ ಅದರಲ್ಲೇ ಸೇರಿಸಿತು.

ಪಂಚಾಯಿತಿಯಲ್ಲಿ ಪಳಗಿದವರು ಮೇಲೇಕೆ ಹೋಗುತ್ತಿಲ್ಲ? ಒಂದು ಕಾರಣ, ಮೀಸಲು ಸುತ್ತುತ್ತಿರುತ್ತದೆ. ಐದು ವರ್ಷ ದುಡಿದು ಕೆಲಸ ಕಲಿಯುವಷ್ಟರಲ್ಲಿ ಅವಳ ಸ್ಥಾನ ಸಾಮಾನ್ಯವಾಗಿ, 'ಇನ್ನು ನೀನು ಮನೆಯಲ್ಲಿರು' ಎಂಬ ಮಾತು ಬರುತ್ತದೆ. ಇನ್ನೊಂದು ಕಾರಣ ನಮ್ಮೆಲ್ಲರ ಕಣ್ಣೆದುರಿಗಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಫಲಕದ ಮೇಲೆ ಹೆಸರು ಹೆಂಡತಿಯದು, ಸಭೆಯಲ್ಲಿ ಮಾತು ಗಂಡನದು. ನಡವಳಿ ಪುಸ್ತಕ ಮನೆಗೆ ಬರುತ್ತದೆ, ತೋರಿಸಿದಲ್ಲಿ ಆಕೆ ಸಹಿ ಹಾಕುತ್ತಾಳೆ. ಅಂದು ಇಂಥವರ ಹೆಂಡತಿ ಎಂದು ಬರೆಸಿ ಮತ ಕಳೆದುಕೊಂಡರು. ಇಂದು ಗೆದ್ದ ಮೇಲೆಯೂ ಇಂಥವರ ಹೆಂಡತಿಯಾಗಿಯೇ ಉಳಿಯುವವರಿದ್ದಾರೆ. ಎಲ್ಲ ಕಡೆಯೂ ಹೀಗಿಲ್ಲ. ನೀರು, ಬೀದಿದೀಪ, ಮನೆಗಳ ಪಟ್ಟಿಗಾಗಿ ಎದ್ದು ನಿಂತು ಕೇಳುವ ಸದಸ್ಯೆಯರೂ ಬೇಕಾದಷ್ಟಿದ್ದಾರೆ.

'ಆಕೆಗೆ ಏನೂ ತಿಳಿಯದು' ಎನ್ನುವವರಿಗೆ ಒಂದು ಮಾತು. ಮೊದಲ ಸಲ ಗೆದ್ದ ಗಂಡಸಿಗೂ ಠರಾವು, ಬಿಲ್ಲು ತಿಳಿದಿರುವುದಿಲ್ಲ. ಆದರೆ ಅವನ ಬದಲು ಅವನ ಹೆಂಡತಿ ಬಂದು ಕೂರಲಿ ಎಂದು ಯಾರೂ ಹೇಳುವುದಿಲ್ಲ. ಅವನಿಗೆ ಕಲಿಯಲು ಅವಕಾಶ ಕೊಡುತ್ತೇವೆ. ಅಷ್ಟನ್ನೇ ಅವಳಿಗೂ ಕೊಟ್ಟರೆ ಸಾಕು.

ಈ ಅಂಕಣವನ್ನು ಪಾಲಕರೂ ಓದುತ್ತೀರಿ, ಅದಕ್ಕಾಗಿಯೇ ಇದನ್ನು ಬರೆದದ್ದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧದಷ್ಟೂ ಇರಲಿಲ್ಲ. ಭತ್ತದ ನಾಟಿಯ ಹಂಗಾಮಿನಲ್ಲಿ ಮಗಳನ್ನು ಶಾಲೆ ಬಿಡಿಸಿ ಗದ್ದೆಗೆ ಕರೆದೊಯ್ದರೆ ಕೈಗೆ ನಾಲ್ಕು ಕಾಸು ಬರುತ್ತದೆ, ನಿಜ. ಆದರೆ ನಾಳೆ ಅದೇ ಮಗಳು ಪಂಚಾಯಿತಿ ಅಧ್ಯಕ್ಷೆಯಾದರೆ, ಓದಲಾಗದ ಕಾಗದಕ್ಕೆ ಸಹಿ ಹಾಕಿ, ಇನ್ನೊಬ್ಬರು ಮಾಡಿದ ತಪ್ಪಿಗೆ ಉತ್ತರ ಹೇಳಬೇಕಾದವಳು ಅವಳೇ.

ಗ್ರಾಮಸಭೆ ಡಂಗುರ ಕೇಳಿದಾಗ ಮಗನ ಜೊತೆ ಮಗಳನ್ನೂ ಕರೆದೊಯ್ಯಿರಿ. ಮನೆಯ ಲೆಕ್ಕಪತ್ರ ಅವಳಿಂದ ಓದಿಸಿ. ಹಿರಿಯರ ನಡುವೆ ಅವಳು ಒಂದು ಪ್ರಶ್ನೆ ಕೇಳಿದರೆ ಗದರಿ ಕೂರಿಸಬೇಡಿ.

ವಿದ್ಯಾರ್ಥಿನಿಯರು ಮೂರು ಅಂಕಿ ನೆನಪಿಡಲಿ: 18ಕ್ಕೆ ಮತ ಹಾಕಬಹುದು, 21ಕ್ಕೆ ಪಂಚಾಯಿತಿಗೆ ನಿಲ್ಲಬಹುದು, 25ಕ್ಕೆ ವಿಧಾನಸಭೆಗೆ, ಲೋಕಸಭೆಗೆ. ಹುಡುಗರು ಒಂದನ್ನು ನೆನಪಿಟ್ಟರೆ ಸಾಕು. ಅಕ್ಕನೋ, ತಂಗಿಯೋ, ನಾಳೆ ಹೆಂಡತಿಯೋ ಆ ಕುರ್ಚಿಗೆ ಆರಿಸಿ ಬಂದಾಗ, ಸೈಕಲ್ಲೋ ಮೋಟರ್ ಸೈಕಲ್ಲೋ ಏರಿಸಿ ಪಂಚಾಯಿತಿ ಕಚೇರಿಯವರೆಗೆ ಬಿಟ್ಟು ಬರುವುದು ಅವರ ಕೆಲಸ. ಒಳಗೆ ಹೋಗಿ ಕೂರುವುದು ಅವಳ ಕೆಲಸ.