ಸದ್ದು ಮುಟ್ಟಿದರೆ ಸಾಕೆ?

ನಮ್ಮ ಹಲವು ದೇವಾಲಯಗಳಲ್ಲಿ ಪ್ರಬೋಧನೆಯ ಸದ್ದು ಕಡೆಯ ಸಾಲಿನವರೆಗೂ ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ. ಕಿವಿ ಮಂದವಾದ ಹಿರಿಯರಂತೂ ಪೂಜೆಯುದ್ದಕ್ಕೂ ಸುಮ್ಮನೆ ಕುಳಿತಿರುತ್ತಾರೆ. ಇದಕ್ಕೆ ಪರಿಹಾರವೆಂದು ಕೆಲವು ಪಾಲನಾ ಸಮಿತಿಗಳು ಡಿಜಿಟಲ್ ಫಿಲ್ಟರುಗಳುಳ್ಳ ಉಪಕರಣವನ್ನು ಕೊಳ್ಳಲು ಹೊರಡುತ್ತವೆ. ನಾವು ಇದನ್ನು ವಿರೋಧಿಸುವುದಿಲ್ಲ. ಆದರೆ ಭಕ್ತರ ಕಾಣಿಕೆಯನ್ನು ವ್ಯಯಿಸುವ ಮುನ್ನ ಅದರ ಮಿತಿಯನ್ನು ಅರಿಯಬೇಕು.

ಈ ಫಿಲ್ಟರು ಧ್ವನಿಯನ್ನು ಅಂಕಿಗಳನ್ನಾಗಿಸಿ, ಆಯ್ದ ಕಂಪನಾಂಕಗಳನ್ನು ತಗ್ಗಿಸುತ್ತದೆ ಇಲ್ಲವೆ ಏರಿಸುತ್ತದೆ. ಸ್ಪೀಕರಿನ ಗುಂಯ್‌ಗುಡುವಿಕೆಯನ್ನೂ ಮೈಕಿನ ಕೀರಲನ್ನೂ ಹೀಗೆ ಬಹುಮಟ್ಟಿಗೆ ತಿದ್ದಬಹುದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಆದ್ದರಿಂದ 34 ಮೀಟರ್ ಹಿಂದಿರುವ ಸ್ಪೀಕರಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ವಿಳಂಬ ಕೊಟ್ಟರೆ, ಮುಂದಿನ ಸ್ಪೀಕರಿನ ಮಾತೂ ಹಿಂದಿನದೂ ಅಲ್ಲಿ ಒಂದಾಗಿ ಕೇಳಿಸುತ್ತವೆ. ಇದು ನಿಜವಾದ ಉಪಕಾರ.

ಆದರೆ ಎತ್ತರದ ಕಮಾನು, ಬರಿಯ ಗೋಡೆ, ನುಣುಪಾದ ಕಲ್ಲಿನ ನೆಲ! ಅಲ್ಲಿ ಒಂದು ಅಕ್ಷರದ ಅನುರಣನ ಅಡಗುವ ಮುನ್ನವೇ ಮುಂದಿನ ಅಕ್ಷರ ಬಂದು ಅದರ ಮೇಲೆ ಬೀಳುತ್ತದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬಿನ್ ಇಂತಹುದೇ ಉಪನ್ಯಾಸ ಮಂದಿರವೊಂದನ್ನು ಸರಿಪಡಿಸಲು ತೊಡಗಿ, ಅನುರಣನವು ಕೋಣೆಯ ಗಾತ್ರವನ್ನೂ ಅಲ್ಲಿನ ವಸ್ತುಗಳು ಶಬ್ದವನ್ನು ಹೀರುವ ಪ್ರಮಾಣವನ್ನೂ ಅವಲಂಬಿಸಿದೆಯೆಂದು ತೋರಿಸಿದರು. ಅವರು ಪ್ರಯೋಗಕ್ಕೆ ಬಳಸಿದ್ದು ಆಸನಗಳ ಮೆತ್ತೆಗಳನ್ನು! ಸ್ಪೀಕರನ್ನು ಬಿಟ್ಟು ಹೊರಟ ಶಬ್ದ ಗೋಡೆಗೆ ಬಡಿಯುವುದನ್ನು ಯಾವ ಫಿಲ್ಟರೂ ತಡೆಯಲಾರದು.

ಆದುದರಿಂದ ಸ್ಪೀಕರುಗಳನ್ನು ಮೊದಲು ಗೋಡೆಯಿಂದ ಜನರ ಕಡೆಗೆ ತಿರುಗಿಸೋಣ, ಹಿಂಗೋಡೆಗೆ ದಪ್ಪ ಪರದೆ ಕಟ್ಟೋಣ, ವಾಚಕರಿಗೆ ನಿಧಾನವಾಗಿ ಓದುವ ಅಭ್ಯಾಸ ಮಾಡಿಸೋಣ. ಫಿಲ್ಟರಿನ ಖರ್ಚನ್ನು ಆಮೇಲೆ ಸಮಿತಿಯ ಮುಂದಿಡಬಹುದು.