ಯಾರಿಗೆ ಸಡಿಲ, ಯಾರಿಗೆ ಬಿಗಿ?

ಮುಕ್ತ ಮಾರುಕಟ್ಟೆಯ ಪಂಡಿತರು ಮತ್ತೆ ಉಪದೇಶಕ್ಕೆ ನಿಂತಿದ್ದಾರೆ. ಆಳನ್ನು ಕೆಲಸದಿಂದ ತೆಗೆಯುವುದು ಸುಲಭವಾದರೆ ಧಣಿ ಧೈರ್ಯವಾಗಿ ಹೆಚ್ಚು ಆಳುಗಳನ್ನು ಸೇರಿಸಿಕೊಳ್ಳುತ್ತಾನಂತೆ. ಸರಕಾರ ಕೈಕಟ್ಟಿ ಕುಳಿತರೆ ಎಲ್ಲರ ತಟ್ಟೆಗೂ ಅನ್ನ ತಾನಾಗಿಯೇ ಬರುತ್ತದಂತೆ.

ಈ ತರ್ಕದ ಬಲದಿಂದಲೇ 29 ಕಾರ್ಮಿಕ ಕಾನೂನುಗಳನ್ನು ಅರೆದು 4 ಸಂಹಿತೆಗಳನ್ನಾಗಿ ಮಾಡಿ 2025ರ ನವೆಂಬರ್ 21ರಂದು ಜಾರಿಗೆ ತಂದರು. ಹಿಂದೆ 100 ಮಂದಿ ದುಡಿಯುವ ಕಾರ್ಖಾನೆಯನ್ನು ಮುಚ್ಚಬೇಕಾದರೂ ಸರಕಾರದ ಅನುಮತಿ ಬೇಕಿತ್ತು. ಈಗ 300 ಮಂದಿ ಇದ್ದರೆ ಮಾತ್ರ ಬೇಕು. 299 ಮಂದಿಯ ಮಿಲ್ಲಿನ ಧಣಿ ನೋಟೀಸು ಅಂಟಿಸಿ, ಪರಿಹಾರ ಎಣಿಸಿ ಕೊಟ್ಟು ಗೇಟಿಗೆ ಬೀಗ ಜಡಿಯಬಹುದು. ಅದೇ ಸಂಹಿತೆ ಕಾರ್ಮಿಕನಿಗೆ ಏನು ಮಾಡಿತು? ಮುಷ್ಕರಕ್ಕೆ 14 ದಿನ ಮುಂಚೆ ನೋಟೀಸು ಕೊಡಬೇಕೆಂಬ ಕಟ್ಟು ಹಿಂದೆ ರೈಲು, ನೀರು, ದೀಪದಂಥ ಸಾರ್ವಜನಿಕ ಸೇವೆಗಳಿಗಿತ್ತು. ಈಗ ಅದು ಪ್ರತಿಯೊಂದು ಮಿಲ್ಲಿಗೂ ಬಂದಿದೆ. ಒಬ್ಬನ ಹಗ್ಗ ಸಡಿಲಿಸಿ ಇನ್ನೊಬ್ಬನ ಹಗ್ಗ ಬಿಗಿಯುವುದಕ್ಕೆ ಮುಕ್ತ ಮಾರುಕಟ್ಟೆ ಎಂದು ಹೆಸರಿಟ್ಟವರ ಜಾಣತನವನ್ನು ನಾವು ಮೆಚ್ಚಲೇಬೇಕು!

ಧಣಿಗಳಿಗೆ ಹಣದ ಮುಗ್ಗಟ್ಟಿತ್ತೇ? ಸರಕಾರವೇ 2025ರ ಜನವರಿಯಲ್ಲಿ ಪಾರ್ಲಿಮೆಂಟಿನ ಮುಂದಿಟ್ಟ ಆರ್ಥಿಕ ಸಮೀಕ್ಷೆಯನ್ನು ತೆರೆದು ನೋಡಿ. 2023-24ರಲ್ಲಿ ದೊಡ್ಡ ಕಂಪೆನಿಗಳ ಲಾಭ ಶೇಕಡ 22.3 ಏರಿತು, ಉದ್ಯೋಗ ಏರಿದ್ದು ಶೇಕಡ 1.5. ಇದು ನಮ್ಮ ಲೆಕ್ಕವಲ್ಲ, ಅವರದೇ ಲೆಕ್ಕ. ಲಾಭ ಉಕ್ಕಿದ ವರ್ಷವೇ ಕೆಲಸ ಕೊಡದವರು, ತೆಗೆದುಹಾಕುವ ಹಕ್ಕು ಸಿಕ್ಕ ಮೇಲೆ ಕರೆದು ಕೊಡುತ್ತಾರೆಂದು ನಂಬಬೇಕೆ?

ವ್ಯಾಪಾರಿ ಮಿತ್ರರಲ್ಲಿ ಕೆಲವರು ಈ ಪಂಡಿತರ ಮಾತಿಗೆ ತಲೆದೂಗುವುದನ್ನು ನಾವು ಬಲ್ಲೆವು. 1959ರಲ್ಲಿ ರಾಜಾಜಿಯವರು ಸ್ವತಂತ್ರ ಪಕ್ಷ ಕಟ್ಟಿ ಲೈಸೆನ್ಸು-ಪರ್ಮಿಟ್ ರಾಜ್ಯವನ್ನು ಜರೆದಾಗಲೂ ಅಂಗಡಿಗಳಲ್ಲಿ ಅನೇಕರಿಗೆ ಆ ಮಾತು ಹಿತವಾಗಿತ್ತು. ಅದರಲ್ಲಿ ಸತ್ಯವೂ ಇತ್ತು. ಕೈ ಚಾಚುವ ಇನ್‌ಸ್ಪೆಕ್ಟರನ ಮೇಲೆ ನಮಗೇನೂ ಮೋಹವಿಲ್ಲ. ಆದರೆ 1991ರಲ್ಲಿ ಹೆಚ್ಚಿನ ಕೈಗಾರಿಕೆಗಳ ಲೈಸೆನ್ಸು ಹೋಯಿತಲ್ಲ, ಕಿರಾಣಿ ಅಂಗಡಿಯವನಿಗೆ ಸಿಕ್ಕಿದ್ದೇನು? ಲಾರಿಗಟ್ಟಲೆ ಕೊಳ್ಳುವ ಭಾರೀ ವರ್ತಕನಿಗೆ ಕಂಪೆನಿ ಕೊಡುವ ದರ, ಹತ್ತು ಡಬ್ಬ ಕೊಳ್ಳುವ ನಿಮಗೆ ಎಂದಾದರೂ ಸಿಕ್ಕಿದೆಯೇ? ಅವನು ಮಾರುವ ಬೆಲೆ ಕೆಲವೊಮ್ಮೆ ನೀವು ಕೊಳ್ಳುವ ಬೆಲೆಗಿಂತ ಕಡಿಮೆ.

ಇನ್ನೂ ಒಂದು ಮಾತು. ನಿಮ್ಮ ಉದ್ರಿ ಪುಸ್ತಕದಲ್ಲಿ ಯಾರ ಹೆಸರುಗಳಿವೆ? ಪಗಾರದ ದಿನ ಬಾಕಿ ತೀರಿಸುವ ಮಿಲ್ ಕಾರ್ಮಿಕರದ್ದಲ್ಲವೇ? ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಮೆರೆದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಿಲ್ಲಿನ ಸೈರನ್ ನಿಂತ ಊರಿನಲ್ಲಿ ಚಹಾದಂಗಡಿ, ಬಟ್ಟೆಯಂಗಡಿ, ಸೈಕಲ್ ಷಾಪಿನವರ ಗಲ್ಲಾಪೆಟ್ಟಿಗೆ ಏನಾಗುತ್ತದೆಂದು ಪಂಡಿತರ ಪುಸ್ತಕ ಹೇಳುವುದಿಲ್ಲ.

ಪುಸ್ತಕವೆಂದಾಗ ನೆನಪಾಯಿತು. ಇವರ ಆದಿಗುರು ಆಡಂ ಸ್ಮಿತ್ 1776ರಲ್ಲೇ ಬರೆದಿಟ್ಟಿದ್ದಾನೆ: ಕೂಲಿ ಏರದಂತೆ ಧಣಿಗಳು ಸದಾ ಗುಟ್ಟಾಗಿ ಒಂದಾಗಿರುತ್ತಾರೆ, ಕಾರ್ಮಿಕರು ಒಂದಾದರೆ ಮಾತ್ರ ಕಾನೂನು ಅಡ್ಡ ಬರುತ್ತದೆ ಎಂದು. ಶಿಷ್ಯರು ಆ ಪುಟವನ್ನು ಹಾರಿಸಿ ಓದಿದಂತಿದೆ.

ನಮ್ಮ ಬೇಡಿಕೆ ಇಷ್ಟೆ. 300 ಎಂಬುದನ್ನು ಹೊಡೆದುಹಾಕಿ 100 ಎಂದು ಬರೆಯಿರಿ, ಮಿಲ್ಲುಗಳ ಮೇಲೆ ಹೇರಿದ ಮುಷ್ಕರದ ನೋಟೀಸನ್ನು ತೆಗೆಯಿರಿ. ಮುಂದಿನ ಸಲ ಕೈಮುಗಿದು ಬೀದಿಗೆ ಬರುವ ಪಾರ್ಲಿಮೆಂಟ್ ಉಮೇದುವಾರರನ್ನು, ಯಾವ ಪಕ್ಷದವರೇ ಆಗಲಿ, ಮಿಲ್ ಗೇಟಿನಲ್ಲೂ ಅಂಗಡಿಯ ಕಟ್ಟೆಯಲ್ಲೂ ನಿಲ್ಲಿಸಿ ಈ ಎರಡನ್ನೇ ಕೇಳೋಣ.